ಅಂಚೆಯಲ್ಲಿ ಬಂದ ಹೂವು: ಅಚ್ಚು ಮತ್ತು ಜಲವರ್ಣದಿಂದ ಶುಭಾಶಯ ಪತ್ರ

ಕ್ರಿಸ್ಮಸ್ ಸಮೀಪಿಸಿತೆಂದರೆ ಅಂಚೆಯಣ್ಣನ ಚೀಲ ಭಾರವಾಗುತ್ತಿದ್ದ ಕಾಲವೊಂದಿತ್ತು. ಮುಂಬಯಿಯಿಂದ, ಕೊಲ್ಲಿ ರಾಷ್ಟ್ರಗಳಿಂದ, ದೂರದ ಕಾನ್ವೆಂಟಿನಲ್ಲಿರುವ ಸಿಸ್ಟರ್ ಚಿಕ್ಕಮ್ಮನಿಂದ ಬಂದ ಶುಭಾಶಯ ಪತ್ರಗಳನ್ನು ನಡುಮನೆಯ ಗೋಡೆಗೆ ದಾರ ಕಟ್ಟಿ ಸಾಲಾಗಿ ತೂಗುಹಾಕುವುದು ಗೋದಲಿ ಕಟ್ಟುವಷ್ಟೇ ಸಂಭ್ರಮದ ಕೆಲಸವಾಗಿತ್ತು. ಹಬ್ಬ ಕಳೆದ ಮೇಲೆ ಅವು ಮನೆಯ ಹಿರಿಯರ ಟ್ರಂಕು ಸೇರುತ್ತಿದ್ದವು. ಹಳೆಯ ಮನೆಗಳಲ್ಲಿ ಅಂತಹ ಟ್ರಂಕುಗಳನ್ನು ತೆರೆದವರಿಗೆ ಗೊತ್ತು: ಅಂಚು ಹಳದಿಗಟ್ಟಿದ ಕಾರ್ಡಿನ ಒಳಪುಟದಲ್ಲಿ ಗತಿಸಿದವರ ಕೈಬರಹ ಹಾಗೆಯೇ ಉಳಿದಿರುತ್ತದೆ.

ಇಂದು ಶುಭಾಶಯಗಳಿಗೆ ಬರವಿಲ್ಲ. ಹಬ್ಬದ ಮುಂಜಾನೆ ಮೊಬೈಲು ಬಿಡುವಿಲ್ಲದೆ ಗುಂಯ್‌ಗುಡುತ್ತದೆ. ಒಬ್ಬರು ಕಳುಹಿಸಿದ ಚಿತ್ರವೇ ಹತ್ತು ಕಡೆಯಿಂದ ಮರಳಿ ಬರುತ್ತದೆ. ಸಂಜೆಯ ಹೊತ್ತಿಗೆ ಯಾರು ಏನು ಕಳುಹಿಸಿದರೆಂಬುದು ನೆನಪಿರುವುದಿಲ್ಲ. ಅವಸರದ ಬದುಕಿನಲ್ಲಿ ಇದೂ ಒಂದು ಅನುಕೂಲವೇ; ಅದನ್ನು ಹಳಿಯಬೇಕಾಗಿಲ್ಲ. ಆದರೆ ಮೊಬೈಲು ಬಳಸಲು ಬಾರದ ಅಜ್ಜಿಗೆ, ಹಾಸಿಗೆ ಹಿಡಿದಿರುವ ದೊಡ್ಡಪ್ಪನಿಗೆ, ಮಕ್ಕಳೆಲ್ಲ ಪರದೇಶದಲ್ಲಿದ್ದು ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದಿರುವ ನೆರೆಯವರಿಗೆ ಈ ಶುಭಾಶಯಗಳ ಮಳೆ ತಾಕುವುದೇ ಇಲ್ಲ. ಅಂಥವರ ಕೈಗೆ ಮನೆಯ ಮಗುವೊಂದು ತಾನೇ ಮಾಡಿದ ಹೂವಿನ ಪತ್ರವನ್ನು ತಲುಪಿಸಿದರೆ ಆಗುವ ಸಂತೋಷವೇ ಬೇರೆ. ಅಂತಹ ಪತ್ರವೊಂದನ್ನು ಅಚ್ಚು ಹಾಗೂ ಜಲವರ್ಣಗಳ ನೆರವಿನಿಂದ ಮನೆಯಲ್ಲಿಯೇ ಸಿದ್ಧಪಡಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಅಚ್ಚಿಗೆ ಬಣ್ಣ ತುಂಬಿದವರು

ಅಚ್ಚೊತ್ತಿದ ರೇಖಾಚಿತ್ರಕ್ಕೆ ಕೈಯಿಂದ ಬಣ್ಣ ತುಂಬುವ ಪದ್ಧತಿ ಇಂದು ನಿನ್ನೆಯದಲ್ಲ. ಜರ್ಮನಿಯ ಬುಕ್ಸ್‌ಹೈಮ್ ಎಂಬಲ್ಲಿದ್ದ ಕಾರ್ಥೂಸಿಯನ್ ಮಠದ ಹಸ್ತಪ್ರತಿಯೊಂದರ ರಟ್ಟಿನ ಒಳಬದಿಗೆ ಯಾರೋ ಸಂತ ಕ್ರಿಸ್ಟೋಫರರ ಚಿತ್ರವೊಂದನ್ನು ಅಂಟಿಸಿದ್ದರು. ಬಾಲಯೇಸುವನ್ನು ಹೆಗಲಮೇಲೆ ಹೊತ್ತು ಹೊಳೆ ದಾಟುತ್ತಿರುವ ಸಂತರ ಆ ಚಿತ್ರದ ಕೆಳಗೆ 1423ರ ಇಸವಿಯಿದೆ. ಮರದ ಹಲಗೆಯಲ್ಲಿ ಕೊರೆದು, ಕಾಗದದ ಮೇಲೆ ಅಚ್ಚೊತ್ತಿ, ಆಮೇಲೆ ಕೈಯಿಂದ ಬಣ್ಣ ಹಚ್ಚಿದ ಚಿತ್ರವದು. ಯೂರೋಪಿನಲ್ಲಿ ಇಸವಿ ನಮೂದಾಗಿರುವ ಅತಿ ಹಳೆಯ ಮರದಚ್ಚಿನ ಚಿತ್ರಗಳಲ್ಲಿ ಒಂದಾದ ಇದು ಈಗ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿದೆ. ನಮ್ಮ ಹಿರಿಯರು ಪ್ರಾರ್ಥನಾ ಪುಸ್ತಕದ ಹಾಳೆಗಳ ನಡುವೆ ಜೋಪಾನವಾಗಿಡುವ ಪುಟ್ಟ ಸಂತಚಿತ್ರಗಳ ವಂಶಾವಳಿ ಇಂತಹ ಅಚ್ಚುಗಳಿಂದಲೇ ಆರಂಭವಾಗುತ್ತದೆ.

ಮುಂದೆ 17 ಮತ್ತು 18ನೇ ಶತಮಾನಗಳಲ್ಲಿ ಫ್ರಾನ್ಸ್, ಫ್ಲಾಂಡರ್ಸ್ ಮುಂತಾದೆಡೆಯ ಕಾನ್ವೆಂಟುಗಳ ಧರ್ಮಭಗಿನಿಯರು ಚೂಪಾದ ಪುಟ್ಟ ಚೂರಿಯಿಂದ ಕಾಗದ ಹಾಗೂ ಚರ್ಮಪತ್ರಗಳನ್ನು ಕಸೂತಿ ಲೇಸಿನಂತೆ ಕೊರೆದು, ನಡುವೆ ಸಂತರ ಚಿತ್ರವನ್ನೂ ಸುತ್ತ ಹೂಬಳ್ಳಿಗಳನ್ನೂ ಬಿಡಿಸುತ್ತಿದ್ದರು. ಇವಕ್ಕೆ ಕ್ಯಾನಿವೆ ಎಂದು ಹೆಸರು. ಹೂವನ್ನು ಕಣ್ಣಾರೆ ಕಂಡು ಚಿತ್ರಿಸುವುದಕ್ಕೂ ಪ್ರಾರ್ಥನೆಗೂ ಇರುವ ನಂಟು ಇನ್ನೂ ಹಳೆಯದು. 16ನೇ ಶತಮಾನದ ಆರಂಭದಲ್ಲಿ ಚಿತ್ರಕಾರ ಜ್ಯಾಂ ಬೂರ್ದಿಶೋಂ ಫ್ರಾನ್ಸಿನ ರಾಣಿ ಆನ್ ಅವರಿಗಾಗಿ ರಚಿಸಿದ ಪ್ರಾರ್ಥನಾ ಗ್ರಂಥದ ಅಂಚುಗಳಲ್ಲಿ 300ಕ್ಕೂ ಹೆಚ್ಚು ಬಗೆಯ ಗಿಡಗಳ ಚಿತ್ರಗಳಿವೆ. ಒಂದೊಂದಕ್ಕೂ ಲ್ಯಾಟಿನ್ ಹಾಗೂ ಫ್ರೆಂಚ್ ಹೆಸರುಗಳನ್ನು ಬರೆಯಲಾಗಿದೆ. ಎಲೆಗಳ ಮೇಲೆ ಕುಳಿತ ಚಿಟ್ಟೆ, ಕಂಬಳಿಹುಳುಗಳನ್ನೂ ಆತ ಬಿಟ್ಟಿಲ್ಲ.

ಶುಭಾಶಯ ಪತ್ರ ಮಾತ್ರ ಅಂಚೆಯ ಕೂಸು. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಪತ್ರ ಮುಟ್ಟಿಸುವ ವ್ಯವಸ್ಥೆ ಬಂತು. ಆ ಸುಧಾರಣೆಗಾಗಿ ದುಡಿದವರಲ್ಲಿ ಒಬ್ಬರಾದ ಹೆನ್ರಿ ಕೋಲ್ 1843ರ ಕ್ರಿಸ್ಮಸ್ಸಿಗೆ ಜಾನ್ ಕಾಲ್ಕಟ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಕಾರ್ಡೊಂದನ್ನು ಬರೆಯಿಸಿ ಮಾರಾಟಕ್ಕಿಟ್ಟರು. ಬೆಲೆ ಒಂದು ಶಿಲ್ಲಿಂಗ್. ಮಾರಾಟಕ್ಕೆಂದು ಮುದ್ರಣಗೊಂಡ ಮೊದಲ ಕ್ರಿಸ್ಮಸ್ ಕಾರ್ಡು ಇದೇ ಎಂದು ಪರಿಗಣಿಸಲಾಗಿದೆ. ಕಲ್ಲಚ್ಚಿನಲ್ಲಿ ರೇಖೆಗಳನ್ನು ಮುದ್ರಿಸಿ, ಬಣ್ಣವನ್ನು ಕೈಯಿಂದಲೇ ತುಂಬಲಾಗಿತ್ತು. ನಡುವೆ ಹಬ್ಬದೂಟಕ್ಕೆ ಕುಳಿತ ಕುಟುಂಬ. ಒಂದು ಬದಿಯಲ್ಲಿ ಹಸಿದವರಿಗೆ ಅನ್ನ ನೀಡುವ ದೃಶ್ಯ, ಇನ್ನೊಂದು ಬದಿಯಲ್ಲಿ ಉಡಲಿಲ್ಲದವರಿಗೆ ಬಟ್ಟೆ ಕೊಡುವ ದೃಶ್ಯ. ಶುಭಾಶಯ ಪತ್ರ ಹುಟ್ಟಿದ ದಿನದಿಂದಲೇ, ನಮ್ಮ ಊಟದ ಮೇಜಿನಾಚೆ ಇರುವವರನ್ನು ನೆನೆಯಬೇಕೆಂಬ ಮಾತು ಅದರಲ್ಲಿ ಸೇರಿತ್ತು ಎಂಬುದು ಗಮನಾರ್ಹ. 1870ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಲೂಯಿ ಪ್ರಾಂಗ್ ಎಂಬ ಮುದ್ರಕ ಬಣ್ಣದ ಕಲ್ಲಚ್ಚಿನಲ್ಲಿ ಹೂವಿನ ಕಾರ್ಡುಗಳನ್ನು ರಾಶಿರಾಶಿಯಾಗಿ ಹೊರತಂದ. ಯಂತ್ರವೇ ಬಣ್ಣ ತುಂಬತೊಡಗಿದ ಮೇಲೆ ಕುಂಚ ಹಿಡಿಯುವ ಕೈಗೆ ಕೆಲಸವಿಲ್ಲವಾಯಿತು. ಆ ಕೆಲಸವನ್ನು ನಾವೀಗ ಮನೆಯ ಊಟದ ಮೇಜಿಗೆ ಮರಳಿ ತರಬಹುದು.

ಮೊದಲು ಹೂವನ್ನು ನೋಡಿ

ಪೇಟೆಯ ಕಾರ್ಡುಗಳಲ್ಲಿ ಕಾಣುವ ಟುಲಿಪ್, ಡ್ಯಾಫೊಡಿಲ್‌ಗಳು ನಮ್ಮ ಅಂಗಳದವಲ್ಲ. ನಮ್ಮಲ್ಲಿ ದಾಸವಾಳ, ನಂದಿಬಟ್ಟಲು, ಕೇಪಳ, ಅಬ್ಬಲಿಗೆ, ಗೊಂಡೆ, ಶಂಖಪುಷ್ಪಗಳಿವೆ. ಕರಾವಳಿಯ ಕಥೋಲಿಕರಿಗೆ ಹೂವಿನ ಪಾಠವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನವೂ ಬುಟ್ಟಿ ಹಿಡಿದು ಬೇಲಿ, ಗುಡ್ಡೆಗಳಲ್ಲಿ ಹೂ ಕೊಯ್ದು ಬಾಲಮೇರಿಗೆ ಅರ್ಪಿಸಿದ ಮಕ್ಕಳೇ ನಾವೆಲ್ಲ. ಆ ಬುಟ್ಟಿಯಲ್ಲಿದ್ದ ಹೂವೇ ಕಾರ್ಡಿನ ಮೇಲೂ ಬರಲಿ.

ಹೂವನ್ನು ಚಿತ್ರಿಸುವ ಮುನ್ನ ಐದು ನಿಮಿಷ ಕೈಯಲ್ಲಿ ಹಿಡಿದು ನೋಡಬೇಕು. ಒಂಟಿ ಎಸಳಿನ ದಾಸವಾಳಕ್ಕೆ ಐದು ದಳಗಳು. ಒಂದರ ಅಂಚು ಮತ್ತೊಂದರ ಮೇಲೆ ಒಂದೇ ದಿಕ್ಕಿನಲ್ಲಿ ಹಾಯ್ದಿರುತ್ತದೆ. ನಡುವಿನಿಂದ ಉದ್ದನೆಯ ದಂಡು ಹೊರಚಾಚಿ, ಅದರ ಸುತ್ತ ಹಳದಿ ಪರಾಗದ ಕಣಗಳು, ತುದಿಯಲ್ಲಿ ಐದು ಪುಟ್ಟ ಗುಂಡುಗಳು. ನಂದಿಬಟ್ಟಲಿಗೂ ಐದೇ ದಳ. ಆದರೆ ಅವು ಗಾಳಿಗಿರಿಗಿಟ್ಟಲೆಯಂತೆ ತಿರುಚಿಕೊಂಡಿವೆ. ಕೇಪಳದ ಪ್ರತಿ ಪುಟ್ಟ ಹೂವಿಗೂ ನಾಲ್ಕೇ ದಳ. ಗೊಂಚಲು ದೊಡ್ಡದಾಗಿ ಕಂಡರೂ ಒಂದು ನಾಲ್ಕೆಸಳಿನ ಅಚ್ಚನ್ನು ಇಪ್ಪತ್ತು ಸಲ ಒತ್ತಿದರೆ ಗೊಂಚಲು ಸಿದ್ಧ. ಆದ್ದರಿಂದ ಮೊದಲ ಪ್ರಯತ್ನಕ್ಕೆ ಕೇಪಳವೇ ಸುಲಭವಾದ ಹೂವು.

ಬೇಕಾಗುವ ಸಾಮಗ್ರಿ

ಕಾಗದ: ಸಾಮಾನ್ಯ ಡ್ರಾಯಿಂಗ್ ಹಾಳೆ ನೀರು ತಾಗಿದೊಡನೆ ಸುಕ್ಕುಗಟ್ಟುತ್ತದೆ. ಜಲವರ್ಣಕ್ಕೆಂದೇ ಸಿಗುವ 300 ಜಿ.ಎಸ್.ಎಂ. ದಪ್ಪದ, ಸ್ವಲ್ಪ ಒರಟು ಮೈಯ ಕಾಗದ ಉತ್ತಮ. ಎ-4 ಅಳತೆಯ ಒಂದು ಹಾಳೆಯನ್ನು ಅಡ್ಡಕ್ಕೆ ಎರಡಾಗಿ ಕತ್ತರಿಸಿ, ಒಂದೊಂದನ್ನೂ ನಡುವೆ ಮಡಿಸಿದರೆ ಎರಡು ಕಾರ್ಡುಗಳಾಗುತ್ತವೆ. ಮಡಿಸುವ ಮೊದಲು ಅಳತೆಪಟ್ಟಿಯಿಟ್ಟು, ಮಸಿ ಮುಗಿದ ಬಾಲ್‌ಪೆನ್ನಿನಿಂದ ಮಡಿಕೆಯ ಜಾಗದಲ್ಲಿ ಒಂದು ಗೀರು ಎಳೆದುಕೊಂಡರೆ ಕಾಗದ ಒಡೆಯದೆ ನೇರವಾಗಿ ಮಡಿಯುತ್ತದೆ.

ಬಣ್ಣ: ಜಲವರ್ಣವೆಂದರೆ ನುಣ್ಣಗೆ ಅರೆದ ಬಣ್ಣದ ಪುಡಿಯನ್ನು ಮುಖ್ಯವಾಗಿ ಅರೇಬಿಕ್ ಗೋಂದಿನಲ್ಲಿ ಕಲಸಿದ್ದು. ಈ ಗೋಂದು ಜಾಲಿಯ ಜಾತಿಯ ಮರಗಳಿಂದ ಒಸರುವ ಅಂಟು. ಇದು ನೀರಿನಲ್ಲಿ ಕರಗಿ, ಕಾಗದದ ಮೇಲೆ ತೆಳುವಾಗಿ ಹರಡಿ, ಒಣಗಿದ ಮೇಲೆ ಕೆಳಗಿನ ಬಿಳುಪು ಹೊಳೆಯುವಂತೆ ಮಾಡುತ್ತದೆ. ಪೋಸ್ಟರ್ ಬಣ್ಣ ಹೀಗಲ್ಲ. ಅದು ಕಾಗದವನ್ನು ಮುಚ್ಚಿಬಿಡುತ್ತದೆ. ಶಾಲಾ ಮಕ್ಕಳು ಬಳಸುವ 12 ಬಣ್ಣಗಳ ಪೆಟ್ಟಿಗೆಯೇ ಸಾಕು. ಅದರಲ್ಲೂ ಕೆಂಪು, ಹಳದಿ, ನೀಲಿ ಇದ್ದರೆ ಉಳಿದದ್ದನ್ನು ಬೆರೆಸಿಕೊಳ್ಳಬಹುದು.

ಕುಂಚ: ದುಂಡು ತುದಿಯ ಎರಡು ಕುಂಚಗಳು, 2 ಮತ್ತು 6ನೇ ಸಂಖ್ಯೆಯವು. ನೀರಿಗೆ ಎರಡು ಲೋಟ: ಒಂದು ಕುಂಚ ತೊಳೆಯಲು, ಇನ್ನೊಂದು ಬಣ್ಣ ಕಲಸಲು. ಒರೆಸಲು ಹಳೆಯ ಹತ್ತಿ ಬಟ್ಟೆ.

ಅಚ್ಚಿನ ಮಸಿ: ಇಲ್ಲಿ ತುಸು ಎಚ್ಚರ ಬೇಕು. ಕಚೇರಿಗಳಲ್ಲಿ ಬಳಸುವ ನೇರಳೆ ಬಣ್ಣದ ಸ್ಟಾಂಪ್ ಪ್ಯಾಡಿನ ಮಸಿ ಸಾಮಾನ್ಯವಾಗಿ ನೀರಿಗೆ ಕದಡುತ್ತದೆ; ಮೇಲೆ ಕುಂಚವಾಡಿಸಿದರೆ ಹೂವೆಲ್ಲ ನೇರಳೆಯಾಗಿ ಹರಡುತ್ತದೆ. ನೀರಿಗೆ ಕರಗದ ಮಸಿಯ ಪ್ಯಾಡನ್ನೇ ಕೇಳಿ ತರಬೇಕು. ಯಾವ ಮಸಿಯಾದರೂ ಮೊದಲು ರದ್ದಿ ಕಾಗದದ ಮೇಲೆ ಒತ್ತಿ, ಹತ್ತು ನಿಮಿಷ ಒಣಗಿಸಿ, ಒದ್ದೆ ಕುಂಚದಿಂದ ಸವರಿ ಪರೀಕ್ಷಿಸುವುದು ಕ್ಷೇಮ.

ಅಚ್ಚು ಮಾಡುವ ಬಗೆ

ತೀರಾ ಚಿಕ್ಕ ಮಕ್ಕಳಿಗೆ ಅಡುಗೆಮನೆಯೇ ಅಚ್ಚುಶಾಲೆ. ಬೆಂಡೆಕಾಯಿಯನ್ನು ತೊಟ್ಟಿನ ಹತ್ತಿರ ಅಡ್ಡಕ್ಕೆ ಕೊಯ್ದರೆ ಐದು ಕೋಣೆಗಳ ಪುಟ್ಟ ಹೂವು ಸಿಗುತ್ತದೆ. ಕೊಯ್ದ ಭಾಗವನ್ನು ಬಟ್ಟೆಯ ಮೇಲೆ ಹತ್ತು ನಿಮಿಷ ಬೋರಲಿಟ್ಟು ಲೋಳೆ ಆರಿದ ಮೇಲೆ, ಕುಂಚದಿಂದ ದಪ್ಪನೆಯ ಬಣ್ಣ ಸವರಿ ಒತ್ತಬೇಕು. ಹಾಗಲಕಾಯಿ ಗರಗಸದಂಚಿನ ಹೂವನ್ನು ಕೊಡುತ್ತದೆ. ಆಲೂಗಡ್ಡೆಯನ್ನು ಎರಡು ಹೋಳು ಮಾಡಿ ಎಲೆಯ ಆಕಾರ ಕೊರೆಯಬಹುದು. ಇವು ಒಂದು ದಿನದ ಅಚ್ಚುಗಳು, ಮರುದಿನಕ್ಕೆ ಬಾಡುತ್ತವೆ.

ಬಹುಕಾಲ ಬಾಳುವ ಅಚ್ಚಿಗೆ ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರು ಸಾಕು. ಕ್ರಮ ಹೀಗಿದೆ:

1. ಬಟರ್ ಪೇಪರಿನ ಮೇಲೆ ಮೆದು ಪೆನ್ಸಿಲಿನಿಂದ ಹೂವಿನ ಆಕಾರ ಬರೆಯಿರಿ. ಹೆಬ್ಬೆರಳಿನ ತುದಿಯಷ್ಟು ದೊಡ್ಡದಿದ್ದರೆ ಸಾಕು.

2. ಬರೆದ ಬದಿಯನ್ನು ಕೆಳಮುಖವಾಗಿ ರಬ್ಬರಿನ ಮೇಲಿಟ್ಟು ಉಗುರಿನಿಂದ ಉಜ್ಜಿ. ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ರಬ್ಬರಿಗೆ ಅಂಟುತ್ತದೆ. ಅಚ್ಚೊತ್ತಿದಾಗ ಮತ್ತೆ ತಿರುಗಿ ಸರಿಯಾಗುತ್ತದೆ. ಅಕ್ಷರಗಳನ್ನು ಕೊರೆಯುವವರು ಇದನ್ನು ಮರೆಯಬಾರದು.

3. ರೇಖೆಯ ಹೊರಗಿನ ಭಾಗವನ್ನು ಚೂಪಾದ ಕಟ್ಟರಿನಿಂದ ಓರೆಯಾಗಿ ಕೊರೆದು ತೆಗೆಯಿರಿ. ಬ್ಲೇಡು ಸದಾ ರಬ್ಬರು ಹಿಡಿದ ಕೈಗೆ ವಿರುದ್ಧ ದಿಕ್ಕಿನಲ್ಲಿ ಸಾಗಬೇಕು. ಈ ಕೆಲಸ ಹಿರಿಯರದು. ಮಕ್ಕಳ ಕೈಗೆ ಬ್ಲೇಡು ಕೊಡಬಾರದು.

4. ದಳಗಳ ನಡುವಿನ ಗೆರೆಗಳನ್ನು ತೆಳುವಾಗಿ ಗೀರಿ. ಕೊರೆದ ಜಾಗಕ್ಕೆ ಮಸಿ ಹತ್ತುವುದಿಲ್ಲ. ಕಾಗದದಲ್ಲಿ ಅದು ಬಿಳಿಯಾಗಿ ಉಳಿಯುತ್ತದೆ.

5. ಎಲೆಗೊಂದು, ಮೊಗ್ಗಿಗೊಂದು ಬೇರೆ ಅಚ್ಚು ಮಾಡಿಕೊಳ್ಳಿ. ಈ ಮೂರು ಅಚ್ಚುಗಳಿದ್ದರೆ ನೂರು ಬಗೆಯ ಕಾರ್ಡು ಮಾಡಬಹುದು.

ಮಸಿಯ ಪ್ಯಾಡು ಸಿಗದಿದ್ದರೂ ನಿರಾಶೆ ಬೇಡ. ರಬ್ಬರಿನ ಅಚ್ಚಿಗೆ ನೇರವಾಗಿ ಜಲವರ್ಣವನ್ನೇ ಕುಂಚದಿಂದ ಹಚ್ಚಿ ಒತ್ತಬಹುದು. ನಯವಾದ ರಬ್ಬರಿನ ಮೇಲೆ ನೀರು ಹನಿಗಟ್ಟಿ ನಿಲ್ಲುವುದುಂಟು. ಅದಕ್ಕಾಗಿ ಅಚ್ಚಿನ ಮೈಯನ್ನು ನುಣುಪಾದ ಮರಳುಕಾಗದದಿಂದ ಲಘುವಾಗಿ ಉಜ್ಜಬೇಕು, ಇಲ್ಲವೇ ಬಣ್ಣಕ್ಕೆ ಒಂದು ತೊಟ್ಟು ಸಾಬೂನು ನೀರು ಸೇರಿಸಬೇಕು. ಹೀಗೆ ಒತ್ತಿದ ಹೂವು ಅಲ್ಲಲ್ಲಿ ತೆಳುವಾಗಿ, ಅಲ್ಲಲ್ಲಿ ಗಾಢವಾಗಿ ಮೂಡುತ್ತದೆ. ಅದರಲ್ಲಿಯೇ ಒಂದು ಸೊಗಸಿದೆ.

ಅಚ್ಚೊತ್ತಿ ಬಣ್ಣ ತುಂಬುವುದು

ಕಾರ್ಡಿನ ಮುಖಪುಟವನ್ನೆಲ್ಲ ಹೂವಿನಿಂದ ತುಂಬಬೇಕೆಂಬ ಆಸೆ ಮೊದಲ ಸಲ ಎಲ್ಲರಿಗೂ ಆಗುತ್ತದೆ. ಮೂರು ಹೂ, ಎರಡು ಮೊಗ್ಗು, ಐದಾರು ಎಲೆ ಇದ್ದರೆ ಸಾಕು; ಅರ್ಧದಷ್ಟು ಜಾಗ ಬಿಳಿಯಾಗಿಯೇ ಇರಲಿ. ದೊಡ್ಡ ಹೂವನ್ನು ನಟ್ಟನಡುವೆ ಒತ್ತದೆ ತುಸು ಕೆಳಗೆ ಒಂದು ಬದಿಗೆ ಒತ್ತಿದರೆ ನೋಟಕ್ಕೆ ಹಿತ.

ಹೂವಿನ ಹಿಂದಿನಿಂದ ಎಲೆ ಇಣುಕುವಂತೆ ಕಾಣಬೇಕಾದರೆ ಒಂದು ಸರಳ ಉಪಾಯವಿದೆ. ಮೊದಲು ಕಾರ್ಡಿನ ಮೇಲೆ ಹೂವನ್ನು ಒತ್ತಿ. ಅದೇ ಹೂವನ್ನು ತೆಳು ಕಾಗದದ ಮೇಲೂ ಒತ್ತಿ ಅಂಚಿನಗುಂಟ ಕತ್ತರಿಸಿ. ಆ ತುಂಡನ್ನು ಕಾರ್ಡಿನ ಹೂವಿನ ಮೇಲೆ ಸರಿಯಾಗಿ ಮುಚ್ಚಿ, ಎಲೆಯ ಅಚ್ಚನ್ನು ಅರ್ಧ ಅದರ ಮೇಲೆ, ಅರ್ಧ ಕಾರ್ಡಿನ ಮೇಲೆ ಬೀಳುವಂತೆ ಒತ್ತಿ. ತುಂಡನ್ನು ತೆಗೆದಾಗ ಎಲೆ ಹೂವಿನ ಹಿಂದೆ ಸರಿದಿರುತ್ತದೆ.

ಮಸಿ ಸಂಪೂರ್ಣ ಒಣಗಿದ ಮೇಲೆ ಬಣ್ಣದ ಕೆಲಸ. ಕೆಂಪು ದಾಸವಾಳವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಂದು ದಳವನ್ನು ಬರಿಯ ನೀರಿನಿಂದ ತೇವ ಮಾಡಿ. ಕುಂಚದ ತುದಿಯಲ್ಲಿ ಕೆಂಪು ತೆಗೆದುಕೊಂಡು ದಳದ ಬುಡಕ್ಕೆ ಮುಟ್ಟಿಸಿ. ಬಣ್ಣ ತಾನಾಗಿಯೇ ಅಂಚಿನತ್ತ ಹರಿದು ತೆಳುವಾಗುತ್ತದೆ. ಅದನ್ನು ಕೆದಕದೆ ಬಿಡಬೇಕು. ಪಕ್ಕದ ದಳಕ್ಕೆ ಕೂಡಲೇ ಕೈಹಾಕಿದರೆ ಎರಡೂ ಬೆರೆತುಹೋಗುತ್ತವೆ. ಆದ್ದರಿಂದ ಒಂದು ಬಿಟ್ಟು ಒಂದರಂತೆ ದಳಗಳನ್ನು ತುಂಬಿ. ಮೊದಲ ಲೇಪ ಒಣಗಿದ ಮೇಲೆ ಬುಡದಲ್ಲಿ ಇನ್ನೊಂದು ಗಾಢ ಲೇಪ ಕೊಟ್ಟು, 2ನೇ ಸಂಖ್ಯೆಯ ಕುಂಚದಿಂದ ನರಗಳನ್ನು ಬುಡದಿಂದ ಹೊರಕ್ಕೆ ಎಳೆಯಿರಿ.

ಎಲೆಗೆ ಪೆಟ್ಟಿಗೆಯಲ್ಲಿರುವ ಹಸಿರನ್ನೇ ಬಳಿದರೆ ಪ್ಲಾಸ್ಟಿಕ್ ಎಲೆಯಂತೆ ಕಾಣುವುದುಂಟು. ಹಳದಿಗೆ ನೀಲಿ ಬೆರೆಸಿ, ಸೂಜಿಮೊನೆಯಷ್ಟು ಕೆಂಪು ಸೇರಿಸಿದರೆ ನಮ್ಮ ಮಳೆಗಾಲದ ಹಸಿರು ಬರುತ್ತದೆ. ಮಲ್ಲಿಗೆ, ನಂದಿಬಟ್ಟಲಿನಂತಹ ಬಿಳಿ ಹೂಗಳಿಗೆ ಬಿಳಿ ಬಣ್ಣ ಬೇಡ, ಕಾಗದವೇ ಬಿಳುಪು. ದಳಗಳ ಬುಡದಲ್ಲಿ ನೀರಾದ ನೀಲಿಬೂದು ನೆರಳು, ಸುತ್ತಲೂ ತಿಳಿಹಸಿರು ಹಿನ್ನೆಲೆ ಕೊಟ್ಟರೆ ಹೂವು ತಾನೇ ಎದ್ದು ಕಾಣುತ್ತದೆ.

ಒಂದೇ ಜಾಗವನ್ನು ಮತ್ತೆ ಮತ್ತೆ ತಿದ್ದುವುದು ಜಲವರ್ಣಕ್ಕೆ ಆಗದು. ಮೂರು ಸಲಕ್ಕಿಂತ ಹೆಚ್ಚು ತಿದ್ದಿದ ಹೂವು ಕೆಸರಾಗುತ್ತದೆ. ಬಣ್ಣ ಗೆರೆ ದಾಟಿ ಹೊರಹರಿದರೆ ಹರಿಯಲಿ. ಕಾರ್ಡು ಅಂಚುಗಳಲ್ಲಿ ತುಸು ಬಾಗಿದರೆ, ಪೂರ್ತಿ ಒಣಗಿದ ಬಳಿಕ ಎರಡು ಖಾಲಿ ಹಾಳೆಗಳ ನಡುವಿಟ್ಟು ಒಂದು ರಾತ್ರಿ ದಪ್ಪ ಪುಸ್ತಕಗಳ ಅಡಿಯಲ್ಲಿ ಇರಿಸಿ. ಜೂನ್, ಜುಲೈ ತಿಂಗಳ ತೇವದಲ್ಲಿ ಒಣಗಲು ಹೆಚ್ಚು ಹೊತ್ತು ಬೇಕು. ಅವಸರಪಟ್ಟು ಒತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ. ಶಂಖಪುಷ್ಪದ ರಸದಿಂದ ಬಣ್ಣ ಬಳಿಯುವುದು ಮಕ್ಕಳಿಗೆ ಬಲು ಮೋಜು. ನಿಂಬೆರಸ ಬಿದ್ದರೆ ಆ ನೀಲಿ ನೇರಳೆಗೆ ತಿರುಗುತ್ತದೆ. ಆದರೆ ಬಿಸಿಲಿಗೆ ಅದು ಬೇಗ ಮಾಸುವುದರಿಂದ, ಬಹುಕಾಲ ಇರಬೇಕಾದ ಕಾರ್ಡಿಗೆ ಪೆಟ್ಟಿಗೆಯ ಬಣ್ಣವೇ ಲೇಸು.

ಒಳಪುಟದ ನಾಲ್ಕು ಸಾಲು

ಹೊರಗಿನ ಹೂವಿಗೆ ಎರಡು ಗಂಟೆ ವ್ಯಯಿಸಿ, ಒಳಗೆ "ಹಬ್ಬದ ಶುಭಾಶಯಗಳು" ಎಂದಷ್ಟೇ ಬರೆದು ಮುಗಿಸುವುದು ನ್ಯಾಯವಲ್ಲ. ಕೈಯಾರೆ ಮಾಡಿದ ಕಾರ್ಡಿನ ದೊಡ್ಡ ಅನುಕೂಲವೇ ಒಳಗಿನ ಖಾಲಿ ಪುಟ. ಪಡೆಯುವವರಿಗೆ ಮಾತ್ರ ಅರ್ಥವಾಗುವ ಒಂದು ಸಂಗತಿ ಅಲ್ಲಿರಬೇಕು. ಅಜ್ಜಿಗೆ ಬರೆಯುವ ಮಗು ಹೀಗೆ ಬರೆಯಬಹುದು: "ಅಜ್ಜೀ, ನಿಮ್ಮ ಬಾವಿಕಟ್ಟೆಯ ಬಳಿಯ ದಾಸವಾಳವನ್ನು ನೆನೆದು ಇದನ್ನು ಬಿಡಿಸಿದೆ. ಒಂದು ಎಲೆ ಸೊಟ್ಟಗಾಗಿದೆ. ರಜೆಗೆ ಬಂದಾಗ ಗಿಡದ ಹತ್ತಿರವೇ ಕುಳಿತು ಇನ್ನೊಂದು ಬಿಡಿಸುತ್ತೇನೆ." ಆ ಅಜ್ಜಿ ರಜೆ ಬರುವ ತನಕ ದಿನ ಎಣಿಸುತ್ತಾರೆ.

ಹಿರಿಯರಿಗೆ ಬರೆಯುವಾಗ ಅಕ್ಷರ ದೊಡ್ಡದಿರಲಿ, ಮಸಿ ಕಪ್ಪಗಿರಲಿ. ಮಕ್ಕಳು ಆಂಗ್ಲ ಮಾಧ್ಯಮದಲ್ಲಿ ಓದುತ್ತಿದ್ದರೂ, ಅಜ್ಜ ಅಜ್ಜಿಯರಿಗೆ ಬರೆಯುವ ಸಾಲುಗಳನ್ನು ಅವರು ಓದಬಲ್ಲ ಭಾಷೆಯಲ್ಲಿ, ತಪ್ಪಾದರೂ ಚಿಂತೆಯಿಲ್ಲ, ಮಕ್ಕಳ ಕೈಯಿಂದಲೇ ಬರೆಸಬೇಕು. 2021ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ವೃದ್ಧರ ವಿಶ್ವದಿನವನ್ನಾಗಿ ಸ್ಥಾಪಿಸಿದರು. ಮಾತೆ ಮರಿಯಳ ತಂದೆತಾಯಿಯರಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ ಜುಲೈ 26ರಂದು ಬರುವುದರಿಂದ ಆ ಆಯ್ಕೆ. ಶಾಲೆಗಳು ಆರಂಭವಾಗಿ, ಮಳೆ ಹಿಡಿದು, ಮಕ್ಕಳು ಮನೆಯೊಳಗೆ ಉಳಿಯುವ ಆ ದಿನಗಳು ಇಂತಹ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ.

ಸಾವು ಸಂಭವಿಸಿದ ಮನೆಗೆ

ಇಲ್ಲಿ ಒಂದು ಸೂಕ್ಷ್ಮ ವಿಷಯವನ್ನು ಹೇಳಬೇಕಾಗಿದೆ. ವರ್ಷದೊಳಗೆ ಸಾವು ಸಂಭವಿಸಿದ ಮನೆಗೆ ಹಬ್ಬದ ಕಾರ್ಡು ಕಳುಹಿಸಲು ನಾವು ಹಿಂಜರಿಯುತ್ತೇವೆ. ಅನೇಕ ಮನೆಗಳಲ್ಲಿ ಆ ವರ್ಷ ನಕ್ಷತ್ರ ತೂಗುವುದಿಲ್ಲ, ಕುಸ್ವಾರ್ ಮಾಡುವುದಿಲ್ಲ. "ಹರ್ಷದ ಹಬ್ಬ" ಎಂದು ಅಚ್ಚಾಗಿರುವ ಕಾರ್ಡನ್ನು ಅವರಿಗೆ ಹೇಗೆ ಕಳುಹಿಸುವುದೆಂಬ ಸಂಕೋಚ ಸಹಜವೇ. ಪರಿಣಾಮವಾಗಿ, ಜೊತೆಯ ಅಗತ್ಯ ಅತಿ ಹೆಚ್ಚಾಗಿರುವ ವರ್ಷದಲ್ಲಿಯೇ ಆ ಮನೆಯ ಅಂಚೆಪೆಟ್ಟಿಗೆ ಬರಿದಾಗಿರುತ್ತದೆ. ಸತ್ತ ದಿನ ನೂರಾರು ಜನ ನೆರೆದಿದ್ದ ಅಂಗಳದಲ್ಲಿ ಕ್ರಿಸ್ಮಸ್ ಸಂಜೆ ಯಾರೂ ಇರುವುದಿಲ್ಲ.

ಅಂಗಡಿಯ ಕಾರ್ಡಿಗೆ ಹೇಳಲಾಗದ ಮಾತನ್ನು ಕೈಯಿಂದ ಮಾಡಿದ ಕಾರ್ಡು ಹೇಳಬಲ್ಲುದು. ಬಿಳಿಯ ನಂದಿಬಟ್ಟಲಿನ ಒಂದೇ ಹೂ, ಎರಡು ಎಲೆ, ಹಿನ್ನೆಲೆಯಲ್ಲಿ ತಿಳಿನೀಲಿ. ನಕ್ಷತ್ರ, ಗಂಟೆಗಳು ಬೇಡ. ಒಳಗೆ ಗತಿಸಿದವರ ಹೆಸರನ್ನೋ ಸಂಬಂಧವನ್ನೋ ಧೈರ್ಯವಾಗಿ ಬರೆಯಬೇಕು. ಅವರ ಮಾತೆತ್ತಿದರೆ ನೋವಾದೀತೆಂದು ನಾವು ಮೌನವಾಗುತ್ತೇವೆ. ಮನೆಯವರಾದರೋ ಯಾರಾದರೂ ಆ ಮಾತೆತ್ತಲಿ ಎಂದು ಕಾಯುತ್ತಿರುತ್ತಾರೆ. "ಚಿಕ್ಕಮ್ಮಾ, ಈ ಕ್ರಿಸ್ಮಸ್ಸಿಗೆ ಚಿಕ್ಕಪ್ಪ ಇಲ್ಲ. ನಡುರಾತ್ರಿಯ ಪೂಜೆಗೆ ಅವರು ಟಾರ್ಚು ಹಿಡಿದು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದುದು ನಮಗೆ ನೆನಪಿದೆ. 26ರಂದು ನಾವೆಲ್ಲರೂ ನಿಮ್ಮ ಮನೆಗೆ ಬರುತ್ತೇವೆ. ಅಡುಗೆ ನಾವೇ ತರುತ್ತೇವೆ." ಇಷ್ಟು ಬರೆದ ಮೇಲೆ ಉಪದೇಶದ ಅಗತ್ಯವಿಲ್ಲ. ಬರುತ್ತೇವೆಂದು ಬರೆದರೆ ತಪ್ಪದೆ ಹೋಗಬೇಕು, ಅಷ್ಟೇ ನಿಯಮ.

ಅಂಚೆಗೆ ಹಾಕುವ ಮುನ್ನ

ಲಕೋಟೆಯನ್ನೂ ಮನೆಯಲ್ಲಿಯೇ ಮಾಡಬಹುದು. ಎ-4 ಕಾಗದದಿಂದ 21 ಸೆಂ.ಮೀ. ಚೌಕ ಕತ್ತರಿಸಿ. ಅದರ ಒಂದು ಮೂಲೆ ನಿಮ್ಮತ್ತ ಬರುವಂತೆ ಇಟ್ಟು, ನಡುವೆ ಕಾರ್ಡನ್ನು ಅಡ್ಡಲಾಗಿ ಇರಿಸಿ. ಮೊದಲು ಎಡಬಲದ ಮೂಲೆಗಳನ್ನು, ಅನಂತರ ಕೆಳಗಿನದನ್ನು ಮಡಿಸಿ ಅಂಟಿಸಿ. ಮೇಲಿನ ಮೂಲೆ ಮುಚ್ಚಳವಾಗುತ್ತದೆ. ಚಿತ್ರದ ಮೇಲೆ ಒಂದು ತುಂಡು ಬಟರ್ ಪೇಪರ್ ಹೊದಿಸಿದರೆ ದಾರಿಯಲ್ಲಿ ಬಣ್ಣ ಉಜ್ಜಿಹೋಗದು.

300 ಜಿ.ಎಸ್.ಎಂ. ಕಾಗದದ ಇಂತಹ ಒಂದು ಕಾರ್ಡು ಸುಮಾರು 9 ಗ್ರಾಂ ತೂಗುತ್ತದೆ. ಲಕೋಟೆ ಸೇರಿದ ಮೇಲೆ ಅಂಚೆ ಕಚೇರಿಯಲ್ಲಿಯೇ ತೂಗಿಸಿ, ಸರಿಯಾದ ಅಂಚೆಚೀಟಿ ಹಚ್ಚುವುದು ಉತ್ತಮ. ಚೀಟಿ ಕಡಿಮೆಯಾದರೆ ಪಡೆಯುವವರು ದಂಡ ತೆರಬೇಕಾದೀತು. ವಿಳಾಸವನ್ನು ನೀರಿಗೆ ಅಳಿಸದ ಪೆನ್ನಿನಿಂದ ಬರೆಯಿರಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಪಿನ್ ಕೋಡನ್ನು ಬರೆಯಲು ಮರೆಯಬೇಡಿ. ಕರ್ನಾಟಕದ ಪಿನ್ ಕೋಡುಗಳು 56ರಿಂದ 59ರ ವರೆಗಿನ ಅಂಕಿಗಳಿಂದ ಆರಂಭವಾಗುತ್ತವೆ. ಹಬ್ಬದ ಸಮಯದಲ್ಲಿ ಊರೊಳಗಿನ ಪತ್ರಕ್ಕೆ ಒಂದು ವಾರ, ಪರರಾಜ್ಯಕ್ಕೆ ಎರಡು ವಾರ, ವಿದೇಶಕ್ಕೆ ಒಂದು ತಿಂಗಳು ಮುಂಚಿತವಾಗಿ ಹಾಕಿದರೆ ನೆಮ್ಮದಿ.

ಮನೆಮಂದಿ ಒಟ್ಟಾಗಿ ಕುಳಿತು ಒಂದು ಭಾನುವಾರ ಮಧ್ಯಾಹ್ನವನ್ನು ಇದಕ್ಕಾಗಿ ಮೀಸಲಿಡಬಹುದು. ತಂದೆ ಅಚ್ಚು ಕೊರೆಯಲಿ, ಚಿಕ್ಕವರು ಬೆಂಡೆಕಾಯಿ ಒತ್ತಲಿ, ದೊಡ್ಡ ಮಕ್ಕಳು ಬಣ್ಣ ತುಂಬಲಿ, ತಾಯಿ ಬರೆಯಬೇಕಾದವರ ಪಟ್ಟಿ ಹೇಳಲಿ. ಧರ್ಮಕೇಂದ್ರದ ಯುವಜನ ಸಂಘಗಳು ಹತ್ತಿರದ ವೃದ್ಧಾಶ್ರಮದಲ್ಲಿರುವ ಪ್ರತಿಯೊಬ್ಬರಿಗೂ ಅವರವರ ಹೆಸರು ಬರೆದು ಒಂದೊಂದು ಕಾರ್ಡು ಕೊಡುವ ಯೋಜನೆ ಹಾಕಿಕೊಳ್ಳಬಹುದು. ಹೆಸರು ಬರೆಯುವುದು ಮುಖ್ಯ. "ಆಶ್ರಮವಾಸಿಗಳಿಗೆ" ಎಂದು ಬರೆದ ಕಾರ್ಡು ಯಾರದ್ದೂ ಆಗುವುದಿಲ್ಲ.

ಪಟ್ಟಿ ಉದ್ದವಾಗಬೇಕೆಂದೇನೂ ಇಲ್ಲ. ಈ ವರ್ಷ ಯಾರ ಮನೆಗೆ ಯಾರೂ ಬರೆಯಲಾರರೋ ಅಂಥವರ ಎರಡು ಹೆಸರುಗಳನ್ನು ಮೊದಲು ಬರೆದುಕೊಳ್ಳಿ. ಅನಂತರ ರಬ್ಬರು, ಬಣ್ಣದ ಪೆಟ್ಟಿಗೆ, ಎರಡು ಲೋಟ ನೀರು ತಂದಿಟ್ಟುಕೊಂಡು ಅಂಗಳದಿಂದ ಒಂದು ಹೂವನ್ನು ಕೊಯ್ದು ತನ್ನಿ.